ಕಾಡಪ್ಪನ ಜೀವನ, ಆರು ಸಾಲಿನಲ್ಲಿ

ಜ್ಞಾನಕ್ಕೆಂದು ಇಂಗ್ಲಿಷ್ ಕಲಿಯುವವರಿದ್ದಾರೆ, ಕೆಲಸಕ್ಕೆಂದು ಕಲಿಯುವವರಿದ್ದಾರೆ. ನಾನು ಐವತ್ತೇಳನೆಯ ವಯಸ್ಸಿನಲ್ಲಿ ನೋಟ್‌ಬುಕ್ ಹಿಡಿದು ಕೂತದ್ದು ಬರೀ ಸಿಟ್ಟಿಗೆ. ಆ ಸಿಟ್ಟು ಬರಿಸಿದವರು ನಮ್ಮ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಉಮೇಶ್.

ನಮ್ಮದು ಅಲ್ಲಾಳಸಂದ್ರ. ಕೆರೆಯ ಹಿಂದೆ ನಮ್ಮ ಮಾವನವರದು ಮೂರೂವರೆ ಎಕರೆ ಇತ್ತು. ರಾಗಿ, ಅವರೆ, ಒಂದು ಮೂಲೆಯಲ್ಲಿ ದ್ರಾಕ್ಷಿ ಚಪ್ಪರ. ಈಗ ಅದರ ಮೇಲೆ ಎಂಬತ್ತನಾಲ್ಕು ಮನೆಗಳ 'ವೈಟ್ ಹೆರಾನ್ ರೆಸಿಡೆನ್ಸಿ' ನಿಂತಿದೆ. ಜಮೀನು ಬಿಲ್ಡರಿಗೆ ಕೊಟ್ಟು, ನಮ್ಮ ಪಾಲಿಗೆ ಕೆಲವು ಮನೆ ಇಟ್ಟುಕೊಂಡು, ನಾವೂ ಎರಡನೇ ಮಹಡಿಯಲ್ಲೇ ಇದ್ದೇವೆ. ಹೆರಾನ್ ಅಂದರೆ ಕೊಕ್ಕರೆ ಎಂದು ನನಗೆ ತಿಳಿದದ್ದು ಈ ವರ್ಷ. ಮೊದಲೇ ತಿಳಿದಿದ್ದರೆ ಆ ಬೋರ್ಡಿಗೆ ಅಷ್ಟು ದೊಡ್ಡ ಹಾರ ಹಾಕಿಸುತ್ತಿರಲಿಲ್ಲ.

ಗೇಟಿನಲ್ಲಿ ಇರುವವನು ಕಾಡಪ್ಪ. ನನಗೆ ಕಾಡಣ್ಣ. ಹನ್ನೆರಡನೇ ವಯಸ್ಸಿನಿಂದ ನಮ್ಮ ಮಾವನವರ ಹೊಲದಲ್ಲಿ ನೇಗಿಲು ಹಿಡಿದವನು. ನಾನು ಮದುವೆಯಾಗಿ ಬಂದ ಮೂರನೆಯ ದಿನವೇ ಅತ್ತೆಯ ತವರಿನ ತಾಮ್ರದ ಬಿಂದಿಗೆಯನ್ನು ಬಾವಿಗೆ ಬೀಳಿಸಿ ಅಳುತ್ತಾ ನಿಂತಿದ್ದಾಗ, ಯಾರಿಗೂ ಹೇಳದೆ ಪಾತಾಳಗರಡಿ ಇಳಿಬಿಟ್ಟು ಎತ್ತಿಕೊಟ್ಟವನು ಅವನು. "ಅಳ್ಬೇಡಿ ಅಮ್ಮಣ್ಣಿ, ಬಾವಿಗೆ ಬಿಂದಿಗೆ ಬೀಳ್ದೆ ಆನೆ ಬೀಳ್ತದಾ?" ಅಂದಿದ್ದ. ನನಗೆ ಮೊಮ್ಮಗಳು ಬಂದರೂ ಅವನಿಗೆ ನಾನು ಇನ್ನೂ ಅಮ್ಮಣ್ಣಿಯೇ. ಜಮೀನು ಹೋದ ಮೇಲೆ ಗೇಟು ಕಾಯುವ ಕೆಲಸ ಅವನಿಗೆ ಸಿಕ್ಕಿತು. ಗೇಟಿನ ಪಕ್ಕದ ಒಂದು ಕೋಣೆಯೂ ಸಿಕ್ಕಿತು. ಹೆಂಡತಿ ತೀರಿಕೊಂಡಿದ್ದಾಳೆ, ಮಗಳು ಗೌರಿಬಿದನೂರಿನಲ್ಲಿದ್ದಾಳೆ.

ಈ ವರ್ಷದ ಮೊದಲ ಮೀಟಿಂಗಿನಲ್ಲಿ ಉಮೇಶ್ ಒಂದು ವಿಷಯ ಎತ್ತಿದರು. ಕಾಡಪ್ಪನಿಗೆ ಮೊಬೈಲಿನ ಆ್ಯಪ್ ಬರುವುದಿಲ್ಲ, ಇಂಗ್ಲಿಷ್ ಬರುವುದಿಲ್ಲ, ಬಂದ ನೆಂಟರನ್ನೆಲ್ಲ ನಿಲ್ಲಿಸಿ "ಯಾರ್ ಮನೆಗೆ?" ಅನ್ನುತ್ತಾನೆ, ವಯಸ್ಸೂ ಆಯಿತು; ಅವನನ್ನು ಬಿಡಿಸಿ ಏಜೆನ್ಸಿಯಿಂದ ಯೂನಿಫಾರಂ ಹುಡುಗರನ್ನು ತರಿಸೋಣ ಎಂದು. ಉಮೇಶ್ ಹಾಸನದ ಕಡೆಯವರು. ಲಿಫ್ಟಿನಲ್ಲಿ ಸಿಕ್ಕರೆ ಒಳ್ಳೆಯ ಕನ್ನಡ, ಮೀಟಿಂಗಿಗೆ ಬಂದರೆ ಇಂಗ್ಲಿಷ್ ಬಿಟ್ಟು ಇನ್ನೊಂದಿಲ್ಲ. ಅರ್ಧ ಜನ ಹೊರರಾಜ್ಯದವರು, ಅವರಿಗೂ ಅರ್ಥವಾಗಬೇಕಲ್ಲ ಎಂಬುದು ಅವರ ವಾದ.

ನಾನು ಎದ್ದು ನಿಂತು ಕನ್ನಡದಲ್ಲಿ ಐದು ನಿಮಿಷ ಮಾತಾಡಿದೆ. ಕಾಡಣ್ಣ ಯಾರು, ಎಂಥವನು, ಈ ನೆಲಕ್ಕೂ ಅವನಿಗೂ ಏನು ಸಂಬಂಧ, ಎಲ್ಲ ಹೇಳಿದೆ. ನನ್ನ ಕಣ್ಣಲ್ಲಿ ನೀರೂ ಬಂತು. ಮುಗಿದ ಮೇಲೆ ಹೊರಗಿನವರೆಲ್ಲ ಉಮೇಶ್ ಕಡೆ ತಿರುಗಿ, ಏನಂತೆ ಎಂದು ಕೇಳಿದರು. ಉಮೇಶ್ ಒಂದೇ ಉಸಿರಿನಲ್ಲಿ ಹೇಳಿದರು: "ಆಂಟಿ ಈಸ್ ಆಲ್ಸೋ ಕನ್ಸರ್ನ್ಡ್."

ನನ್ನ ಐದು ನಿಮಿಷಕ್ಕೆ ನಾಲ್ಕು ಪದ. ನಾನು ಬೆರಳು ಮಡಚಿ ಎಣಿಸಿಕೊಂಡೆ. ಮೆಟ್ಟಿಲ ಮೇಲೆ ಸಿಕ್ಕ ಜೈನಾಬಳನ್ನು ಅರ್ಥ ಕೇಳಿದೆ.

"ಆಂಟಿಗೂ ಚಿಂತೆ ಇದೆ ಅಂತ, ಅಮ್ಮಾ" ಅಂದಳು.

ಮೈಯೆಲ್ಲ ಉರಿದುಹೋಯಿತು.

ಜೈನಾಬ್ ನಮ್ಮ ಬಾಡಿಗೆದಾರಳು, ಆರ್‌.ಟಿ. ನಗರದ ಹುಡುಗಿ. ಹನ್ನೊಂದು ವರ್ಷ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ, ಈಗ ಮಂಗಳವಾರ, ಶುಕ್ರವಾರ ಸಂಜೆ ಮನೆಯಲ್ಲೇ ದೊಡ್ಡವರಿಗೆ ಪಾಠ ಹೇಳುತ್ತಾಳೆ. ಕಾಡಪ್ಪನ ವಿಷಯ ಮುಂದಿನ ಮೀಟಿಂಗಿಗೆ ಹೋಗಿತ್ತು, ನಾಲ್ಕು ತಿಂಗಳಿತ್ತು.

"ನಾಲ್ಕು ತಿಂಗಳಲ್ಲಿ ನನ್ಗೆ ಮೀಟಿಂಗಲ್ಲಿ ಮಾತಾಡೋಷ್ಟು ಇಂಗ್ಲಿಷ್ ಕಲಿಸ್ತೀಯಾ?" ಅಂದೆ.

"ಕಲಿಸ್ತೀನಿ. ಆದ್ರೆ ಕ್ಲಾಸಲ್ಲಿ ನೀವು ಓನರ್ ಅಲ್ಲ, ಸ್ಟೂಡೆಂಟು" ಅಂದಳು.

"ಆಯ್ತು ಮೇಡಂ" ಅಂದೆ. ಆ ಮೆಟ್ಟಿಲ ಮೇಲೆಯೇ ಅವಳು ನನಗೆ ಮೇಡಂ ಆದಳು.

ನನ್ನ ಮಗ ಮುನೇಶ್ ಬೇಡವೆಂದ. "ಅಮ್ಮ, ನಾವ್ ಮಾತಾಡಿದ್ರೆ ಜಮೀನ್ದಾರ್ರ ದಬ್ಬಾಳಿಕೆ ಅಂತಾರೆ. ಕಾಡಪ್ಪನ್ನ ನಮ್ಮನೇಲೇ ಇಟ್ಕೊಳ್ಳೋಣ ಬಿಡು" ಅಂದ. ನಾನು ಅದನ್ನೂ ಕೇಳಿ ನೋಡಿದ್ದೆ. ಕಾಡಣ್ಣ ಗೇಟಿನ ಸರಳು ಹಿಡಿದುಕೊಂಡು, "ಕೆಲ್ಸ ಇಲ್ದೆ ನಿಮ್ಮನೇಲಿ ಅನ್ನ ಉಣ್ಣಕ್ಕಾಯ್ತದಾ ಅಮ್ಮಣ್ಣಿ? ಇಲ್ಲಿ ಬ್ಯಾಡ ಅಂದ್ರೆ ಅಳಿಯನ ಮನೆಗೆ ಓಯ್ತೀನಿ. ಆದ್ರೆ ಅಲ್ಲಿ ನಂಗೆ ನಿದ್ದೆ ಬರಾಕಿಲ್ಲ" ಅಂದ. ಈ ನೆಲ ಬಿಟ್ಟು ಬೇರೆ ಯಾವ ಊರಿನಲ್ಲೂ ಅವನು ಎರಡು ರಾತ್ರಿಗಿಂತ ಹೆಚ್ಚು ಮಲಗಿದವನಲ್ಲ. ಅದಕ್ಕೇ ನನಗೆ ಅಷ್ಟು ಹಟ ಹುಟ್ಟಿದ್ದು.

ನನಗೆ ಇಂಗ್ಲಿಷಿನ ಮೇಲೆ ಹಳೆಯ ದ್ವೇಷವೂ ಇತ್ತು. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ ಎಂಬತ್ತೊಂದು, ಇಂಗ್ಲಿಷಿಗೆ ಹತ್ತೊಂಬತ್ತು. ಆ ಹತ್ತೊಂಬತ್ತರಿಂದ ನನ್ನ ಓದು ನಿಂತಿತು, ಮದುವೆ ಗಟ್ಟಿಯಾಯಿತು. ನಲವತ್ತು ವರ್ಷ ಆ ಭಾಷೆಯ ಮುಖ ನೋಡಿರಲಿಲ್ಲ.

ಕ್ಲಾಸಿನಲ್ಲಿ ನಾವು ನಾಲ್ಕು ಜನ. ನಾನು, ಏರ್‌ಪೋರ್ಟಿಗೆ ಕ್ಯಾಬ್ ಓಡಿಸುವ ಖಾದರ್ ಬಾಷಾ, ಬ್ಯೂಟಿ ಪಾರ್ಲರಿನ ಒಬ್ಬಾಕೆ, ನಿವೃತ್ತರಾದ ಒಬ್ಬ ಬಸ್ ಕಂಡಕ್ಟರ್. ಮೇಡಂ ಪಾಠದ ರೀತಿಯೇ ಬೇರೆ. ವ್ಯಾಕರಣದ ಪುಸ್ತಕ ತೆರೆಯಲೇ ಇಲ್ಲ. ಪ್ರತಿ ಕ್ಲಾಸಿಗೆ ಒಬ್ಬ ದೊಡ್ಡ ಮನುಷ್ಯನ ಜೀವನ, ಆರೇ ಸಾಲು. ಎಲ್ಲಿ ಹುಟ್ಟಿದ್ದು, ಮನೆ ಹೇಗಿತ್ತು, ಏನು ಕಷ್ಟ ಬಂತು, ಏನು ಕೆಲಸ ಮಾಡಿದ್ದು, ಯಾವಾಗ ತೀರಿಕೊಂಡದ್ದು, ಇಂದಿಗೂ ನಾವು ಯಾಕೆ ನೆನೆಯುತ್ತೇವೆ. ಗಟ್ಟಿಯಾಗಿ ಓದಬೇಕು, ಬರೆಯಬೇಕು, ಮುಂದಿನ ಸಲ ನೋಡದೆ ಒಪ್ಪಿಸಬೇಕು. ಜೊತೆಗೆ ದಿನಕ್ಕೊಂದು ಬಳಕೆಯ ಮಾತು, ಅದನ್ನು ಮನೆಯಲ್ಲಿ ಮೂರು ಸಲ ಆಡಲೇಬೇಕು.

ಮೊದಲ ಮಾತು 'ಟೇಕ್ ಯುವರ್ ಟೈಮ್'. ಅವಸರ ಬೇಡ, ನಿಧಾನವಾಗಿ ಮಾಡಿ ಎಂದು ಅರ್ಥ. ಮಾರನೆಯ ಬೆಳಿಗ್ಗೆ ನಮ್ಮ ಯಜಮಾನರು ಬಚ್ಚಲ ಬಾಗಿಲ ಹಿಂದಿನಿಂದ "ಇವ್ಳೇ, ಟವಲ್ಲು" ಎಂದು ಕೂಗಿದರು. ನಾನು ಗ್ಯಾಸಿನ ಮುಂದೆ ನಿಂತುಕೊಂಡೇ, "ಟೇಕ್ ಯುವರ್ ಟೈಮ್!" ಅಂದೆ.

"ಏನೇ ಅದು? ನೀರ್ ತೊಟ್ಟಿಕ್ತಾ ನಿಂತಿವ್ನಿ ಕಣೇ!"

"ನೋ ಪ್ರಾಬ್ಲಮ್!" ಅಂದೆ. ಅದು ಎರಡನೇ ದಿನದ ಮಾತು, ಮುಂಗಡವಾಗಿ ಆಡಿಬಿಟ್ಟೆ. ಸೊಸೆ ಶಿಲ್ಪ ನಗು ತಡೆಯಲಾರದೆ ಬಾಲ್ಕನಿಗೆ ಓಡಿದಳು. ಕೊನೆಗೆ ನಮ್ಮ ಯಜಮಾನರು ಒದ್ದೆ ಪಂಚೆಯಲ್ಲೇ ಬಂದು ಟವಲ್ ತೆಗೆದುಕೊಂಡು, ನನ್ನನ್ನು ದುರುಗುಟ್ಟಿ ನೋಡಿ ಹೋದರು. ಒಂದು ವಾರದಲ್ಲಿ ಅವರೂ ನನಗೆ ಕಾಫಿಯ ಲೋಟ ಹಿಂದಿರುಗಿಸುವಾಗ "ನೋ ಪ್ರಾಬ್ಲಮ್" ಅನ್ನತೊಡಗಿದರು, ಕಾಫಿಯಲ್ಲಿ ಸಕ್ಕರೆ ಕಡಿಮೆಯಾಗಿದೆ ಎಂಬ ಅರ್ಥದಲ್ಲಿ.

ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಆ ಜೀವನಗಳು. ಕಣ್ಣು ಕಾಣದ, ಕಿವಿ ಕೇಳದ ಹೆಲೆನ್ ಕೆಲರಳ ಕೈಯನ್ನು ಪಂಪಿನ ನೀರಿಗೆ ಹಿಡಿದು, ಇನ್ನೊಂದು ಅಂಗೈ ಮೇಲೆ ಅವಳ ಟೀಚರು 'ವಾಟರ್' ಎಂದು ಬರೆದ ಸಾಲು ಓದುವಾಗ ಸೆರಗಿನಿಂದ ಕಣ್ಣೊರೆಸಿಕೊಂಡೆ. ಖಾದರ್ ಬಾಷಾ ಟಿಶ್ಯೂ ಪೇಪರ್ ಕೊಟ್ಟ. ಮೇರಿ ಕ್ಯೂರಿ ಸೋರುವ ಶೆಡ್ಡಿನಲ್ಲಿ ನಿಂತು ವರ್ಷಗಟ್ಟಲೆ ಅದಿರು ಕುದಿಸಿದಳು ಎಂದು ಓದಿದ ದಿನ, ಅಡುಗೆಮನೆಯಲ್ಲಿ ಸೆಕೆ ಎಂದು ಗೊಣಗುವುದನ್ನು ಬಿಟ್ಟೆ. ವಿಶ್ವೇಶ್ವರಯ್ಯನವರು ಬಂದಾಗ ನನಗೆ ಎಲ್ಲಿಲ್ಲದ ಹೆಮ್ಮೆ. ಮುದ್ದೇನಹಳ್ಳಿ ಅಂದರೆ ನಮ್ಮ ಕಡೆಯೇ ತಾನೆ? ಆರು ಸಾಲನ್ನೂ ತಪ್ಪಿಲ್ಲದೆ ಒಪ್ಪಿಸಿದೆ. ಮೇಡಂ ನನ್ನ ನೋಟ್‌ಬುಕ್ಕಿನಲ್ಲಿ ಒಂದು ನಕ್ಷತ್ರ ಬರೆದಳು. ಅದನ್ನು ನಮ್ಮ ಯಜಮಾನರಿಗೆ ತೋರಿಸಿದೆ, ಮುನೇಶನಿಗೆ ತೋರಿಸಿದೆ, ಶಿಲ್ಪಳಿಗಂತೂ ಎರಡು ಸಲ ತೋರಿಸಿದೆ.

ನನಗೆ ಒಂದೇ ಬೇಜಾರು. ಎಲ್ಲರೂ ಐದನೇ ಸಾಲಿನಲ್ಲಿ ಸಾಯುತ್ತಿದ್ದರು. ನೂರು ದಾಟಿ ಬದುಕಿದ ವಿಶ್ವೇಶ್ವರಯ್ಯನವರೂ ಸತ್ತರು, ಮೂವತ್ತೆರಡಕ್ಕೇ ರಾಮಾನುಜನ್ ಸತ್ತರು.

"ಬದುಕಿರೋರು ಒಬ್ರೂ ಇಲ್ವಾ ಮೇಡಂ?" ಎಂದು ಕೇಳಿದೆ.

"ಬದುಕಿರೋರ ಕಥೆ ಇನ್ನೂ ಮುಗ್ದಿರಲ್ವಲ್ಲ ಅಮ್ಮಾ" ಅಂದಳು.

ನಾಲ್ಕು ತಿಂಗಳಲ್ಲಿ ನಾನು ಮೂವತ್ತು ಜನರನ್ನು ಮಣ್ಣು ಮಾಡಿದೆ. 'ಡೈಡ್ ಇನ್' ಎಂಬ ಎರಡು ಪದ ನನ್ನ ನಾಲಿಗೆಗೆ ಎಷ್ಟು ಪಳಗಿತ್ತೆಂದರೆ, ಯಾರದಾದರೂ ಕೆಲಸದ ಮಾತು ಮುಗಿಯುವುದೇ ತಡ, ತಾನಾಗಿ ಹೊರಗೆ ಬರುತ್ತಿತ್ತು.

ಮೀಟಿಂಗಿಗೆ ಎರಡು ವಾರ ಇದ್ದಾಗ ಮೇಡಂ ಹೇಳಿದಳು, "ಈಗ ನಿಮ್ಮ ಕಾಡಪ್ಪನ ಜೀವನ ಬರೀರಿ. ನಿಮ್ಗೆ ಗೊತ್ತಿರೋ ರೀತೀಲೇ." ಅವಳು ಹೇಳಿದ್ದು ಸರಿ. ನನಗೆ ಇಂಗ್ಲಿಷಿನಲ್ಲಿ ವಾದ ಮಾಡಲು ಬರುತ್ತಿರಲಿಲ್ಲ, ಜಗಳ ಆಡಲು ಬರುತ್ತಿರಲಿಲ್ಲ. ಒಬ್ಬ ಮನುಷ್ಯನ ಜೀವನ ಹೇಳು ಅಂದರೆ ಬರುತ್ತಿತ್ತು.

ನೋಟ್‌ಬುಕ್ ಹಿಡಿದು ಗೇಟಿಗೆ ಹೋದೆ. "ಕಾಡಣ್ಣ, ನೀನು ಹುಟ್ಟಿದ್ದು ಯಾವಾಗ?"

ಅವನು ಒಳಗೆ ಹೋಗಿ ಆಧಾರ್ ಕಾರ್ಡ್ ತಂದು ಕೊಟ್ಟ. ಜನವರಿ ಒಂದು, ಸಾವಿರದ ಒಂಬೈನೂರ ಐವತ್ತೆಂಟು. ನಮ್ಮ ಕಡೆ ಅವನ ವಯಸ್ಸಿನ ಮುಕ್ಕಾಲು ಜನ ಜನವರಿ ಒಂದಕ್ಕೇ ಹುಟ್ಟಿದವರು. "ನಿಜವಾಗ್ಲೂ ಯಾವಾಗ?" ಅಂದೆ.

"ನಮ್ಮವ್ವ ಅವ್ರೆಕಾಯ್ ಬಿಡಿಸ್ತಿದ್ಲಂತೆ. ಅಲ್ಲೇ ಓಲದಾಗೆ." ಕೈ ತೋರಿಸಿದ. ಅವನು ತೋರಿಸಿದ ಕಡೆ ಈಗ ಮಕ್ಕಳ ಈಜುಕೊಳವಿದೆ.

"ಕಷ್ಟ ಏನಾದ್ರೂ ಹೇಳು."

"ಕಷ್ಟ ಏನಮ್ಮಣ್ಣಿ, ಊಟಕ್ಕೆ ನೀವಿದ್ರಿ." ಬಹಳ ಹೊತ್ತು ಯೋಚಿಸಿದ. ಅಷ್ಟರಲ್ಲಿ ಎರಡು ಕಾರಿಗೆ ಗೇಟು ತೆಗೆದ. ತಿರುಗಿಯೂ ನೋಡದೆ, ಶಬ್ದದ ಮೇಲೆಯೇ ಯಾರ ಕಾರೆಂದು ಹೇಳುತ್ತಿದ್ದ. ಆಮೇಲೆ ನಿಧಾನವಾಗಿ ಅಂದ, "ಜೇಸಿಬಿ ಬಂದ್ ದಿನ. ಎತ್ತು ಎರ್ಡೂ ಬೆದ್ರುಬಿಟ್ವು."

ಆ ಎತ್ತುಗಳು ನನಗೆ ನೆನಪಿದ್ದವು. ಜಮೀನು ಕೊಟ್ಟಾಗ, ನೀನೇ ಏನಾದರೂ ಮಾಡಿಕೋ ಎಂದು ನಮ್ಮ ಯಜಮಾನರು ಅವನಿಗೇ ಬಿಟ್ಟುಕೊಟ್ಟಿದ್ದರು. ಲಾರಿಯಲ್ಲಿ ಮಗಳ ಊರಿಗೆ ಸಾಗಿಸಿದ ಎಂದು ನಾವೆಲ್ಲ ತಿಳಿದಿದ್ದೆವು. ಲಾರಿಯಲ್ಲ. ಲಾರಿ ಹತ್ತಿಸಿದರೆ ಎತ್ತು ತನ್ನನ್ನು ಕಟುಕರಿಗೆ ಕೊಟ್ಟರೆಂದು ತಿಳಿಯುತ್ತದಂತೆ. ಅದಕ್ಕೆ ಕಾಡಣ್ಣ ಎರಡನ್ನೂ ಹಗ್ಗ ಹಿಡಿದು ಗೌರಿಬಿದನೂರಿನವರೆಗೆ ನಡೆಸಿಕೊಂಡು ಹೋಗಿದ್ದ. ಮೂರು ದಿನ. ಎತ್ತುಗಳನ್ನು ಮಗಳ ಕೈಗೆ ಕೊಟ್ಟು, ಮಾರನೆಯ ದಿನ ಬಸ್ಸಿನಲ್ಲಿ ವಾಪಸು ಬಂದು, ಅಗೆದು ಹಾಕಿದ ಮಣ್ಣಿನ ಗುಡ್ಡೆಯ ಮೇಲೆ ನಿಂತು "ಇನ್ನೇನ್ ಕೆಲ್ಸ ಮಾಡ್ಲಿ?" ಎಂದು ನಮ್ಮ ಯಜಮಾನರನ್ನು ಕೇಳಿದ್ದ. ಹಾಗೆ ಕೇಳಿದ್ದು ಮಾತ್ರ ನಮಗೆ ಗೊತ್ತಿತ್ತು.

ಜಮೀನು ಕೊಡುವಾಗ ನಾವು ಬಿಲ್ಡರನ್ನು ಕೇಳಿದೆವು, ಲಾಯರನ್ನು ಕೇಳಿದೆವು, ನೆಂಟರನ್ನು ಕೇಳಿದೆವು. ಕಾಡಣ್ಣನನ್ನು ಒಂದು ಮಾತೂ ಕೇಳಿರಲಿಲ್ಲ. ಗೇಟಿನ ಮುಂದೆ ನಿಂತು ನನಗೆ ನಾಚಿಕೆಯಾಯಿತು, ನೋಟ್‌ಬುಕ್ ನೋಡುವಂತೆ ತಲೆ ಬಗ್ಗಿಸಿದೆ.

ಬರೆದದ್ದನ್ನು ಮೇಡಂ ತಿದ್ದಿದಳು. ನಾನು ಅಭ್ಯಾಸಬಲದಿಂದ ಆರು ಸಾಲಿಗೂ ಜಾಗ ಬಿಟ್ಟಿದ್ದೆ. ಅವಳು ಕೊನೆಯ ಎರಡಕ್ಕೂ ಕೆಂಪು ಗೆರೆ ಎಳೆದು, "ನಾಲ್ಕು ಸಾಕು. ಕೆಲ್ಸದ ವಿಷ್ಯ ಹೇಳಿ ಥ್ಯಾಂಕ್ ಯು ಅಂದು ಕೂತ್ಕೊಳ್ಳಿ" ಅಂದಳು. ಹದಿನಾಲ್ಕು ದಿನ ನಮ್ಮ ಯಜಮಾನರ ಮುಂದೆ ಒಪ್ಪಿಸಿದೆ. ಎತ್ತಿನ ಸಾಲಿನ ಅರ್ಥ ಹೇಳಿದ ದಿನ ಅವರು ಟಿವಿ ಆರಿಸಿದರು. "ನಡಸ್ಕೊಂಡ್ ಓದ್ನಾ? ನಂಗೆ ಯೋಳ್ಲೇ ಇಲ್ವಲ್ಲೇ ಅವ್ನು" ಅಂದರು.

ಮೀಟಿಂಗು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ, ಮನೆಗೊಬ್ಬರು ಮಾಲೀಕರು ಮಾತ್ರ. ನಾನು ಮೈಸೂರು ಸಿಲ್ಕ್ ಉಟ್ಟುಕೊಂಡು ಒಬ್ಬಳೇ ಇಳಿದೆ. ಗೇಟಿನಲ್ಲಿ ಕಾಡಣ್ಣ ಇರಲಿಲ್ಲ. ನೀಲಿ ಯೂನಿಫಾರಂ ಹಾಕಿದ ಇಬ್ಬರು ನಿಂತಿದ್ದರು. ಏಜೆನ್ಸಿಯವರ ಕೆಲಸ ಎಲ್ಲರೂ ನೋಡಲಿ ಎಂದು ಉಮೇಶ್ ಒಂದು ದಿನದ ಮಟ್ಟಿಗೆ ಕರೆಸಿದ್ದರಂತೆ. ಕಾಡಣ್ಣನಿಗೆ ಹಿಂದಿನ ದಿನವೇ, ನಾಳೆ ರಜೆ ತಗೋ ಅಂದಿದ್ದರಂತೆ. ರಜೆ ಅಂದರೆ ಏನು ಮಾಡಬೇಕೆಂದು ತಿಳಿಯದೆ ಅವನು ಪಂಪ್ ಹೌಸಿನ ಹಿಂದೆ ಕಲ್ಲಿನ ಮೇಲೆ ಕೂತಿದ್ದ. ನನ್ನನ್ನು ನೋಡಿ ಎದ್ದು ನಿಂತು, ಮತ್ತೆ ಕೂತ.

ಕ್ಲಬ್ ಹೌಸು ತುಂಬಿತ್ತು. ಉಮೇಶ್ ವಿಷಯ ಓದಿದರು. ನಾನು ಕೈ ಎತ್ತಿದೆ. ಉಮೇಶ್ ಮುಖದಲ್ಲಿ, ಓ ಮತ್ತೆ ಐದು ನಿಮಿಷ ಹೋಯಿತು ಎಂಬ ಭಾವ ಬಂತು. ಮೈಕ್ ಹಿಡಿದೆ.

"ಕಾಡಪ್ಪ ವಾಸ್ ಬಾರ್ನ್ ಹಿಯರ್" ಅಂದೆ.

ಮೊಬೈಲ್ ನೋಡುತ್ತಿದ್ದವರೆಲ್ಲ ತಲೆ ಎತ್ತಿದರು. ಆ ತಲೆಗಳು ಎದ್ದದ್ದು ನೋಡಿ ನನಗೆ ಧೈರ್ಯ ಬಂತು. ಈಗ ನಿಮ್ಮ ಮಕ್ಕಳು ಈಜುವ ಜಾಗದಲ್ಲಿ, ಅವರೆ ಹೊಲದಲ್ಲಿ ಅವನ ತಾಯಿ ಅವನನ್ನು ಹೆತ್ತಳು ಎಂದೆ. ಅವರ ಗುಡಿಸಲಿಗೆ ಒಂದೇ ಬಾಗಿಲಿತ್ತು, ಕಿಟಕಿ ಇರಲಿಲ್ಲ ಎಂದೆ. ಎತ್ತುಗಳ ಹೆಸರು ರಾಮ, ಲಕ್ಷ್ಮಣ, ಲಾರಿ ಹತ್ತಿಸಲು ಮನಸ್ಸಾಗದೆ ಮೂರು ದಿನ ಅವುಗಳ ಜೊತೆ ನಡೆದ, ಅವು ಮಲಗಿದಾಗ ಮಾತ್ರ ಮಲಗಿದ ಎಂದೆ. ಅವನಿಗೆ ಓದಲು ಬಾರದು, ಆದರೆ ಎಂಬತ್ತನಾಲ್ಕು ಮನೆಯ ಎಲ್ಲ ಕಾರಿನ ದನಿಯನ್ನೂ ಬಲ್ಲ ಎಂದೆ. ಎಲ್ಲ ಇಂಗ್ಲಿಷಿನಲ್ಲಿ, ನನ್ನ ಬಾಯಿಂದಲೇ. ಯಾರೂ ಮತ್ತೆ ಮೊಬೈಲ್ ನೋಡಲಿಲ್ಲ. ಹತ್ತೊಂಬತ್ತು ನಂಬರು ಕೊಟ್ಟ ಆ ಮೇಷ್ಟ್ರು ಎಲ್ಲಿದ್ದಾರೋ, ಬಂದು ಕೇಳಲಿ ಅನ್ನಿಸಿತು.

ಅಲ್ಲಿಗೆ ಥ್ಯಾಂಕ್ ಯು ಹೇಳಿ ಕೂರಬೇಕಿತ್ತು. ಖುಷಿಯಲ್ಲಿ ನಾಲಿಗೆ ತಾನೇ ಮುಂದಕ್ಕೆ ಓಡಿತು. "ಹಿ ಡೈಡ್ ಇನ್ ಟ್ವೆಂಟಿ ಟ್ವೆಂಟಿ ಫೈವ್. ವಿ ವಿಲ್ ಆಲ್ವೇಸ್ ರಿಮೆಂಬರ್ ಹಿಮ್."

ಹೇಳಿ ಕೈ ಮುಗಿದೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಂದಿನ ಸಾಲಿನ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡಳು. ಉಮೇಶ್ ಎದ್ದು ನಿಂತು "ವೆನ್? ಹೌ?" ಅಂದರು. ಆಗ ನನಗೆ ಹೊಳೆಯಿತು, ನಾನು ಏನು ಮಾಡಿದೆ ಎಂದು. ಕಾಡಣ್ಣನನ್ನು ಮೂವತ್ತೊಂದನೆಯವನನ್ನಾಗಿ ಮಾಡಿಬಿಟ್ಟಿದ್ದೆ. ಬೆಳಿಗ್ಗೆಯಿಂದ ಗೇಟಿನಲ್ಲಿ ಅವನನ್ನು ಯಾರೂ ಕಂಡಿರಲಿಲ್ಲ, ಹಾಗಾಗಿ ಎಲ್ಲರೂ ನಂಬಿದರು.

"ನೋ, ನೋ" ಅಂದೆ. ಮುಂದಿನ ಮಾತು ಬೇಕಲ್ಲ? ನಾನು ಓದಿದ ಮೂವತ್ತು ಜೀವನದಲ್ಲಿ, ಇವರು ಸತ್ತಿಲ್ಲ, ಹೊರಗೆ ಕಲ್ಲಿನ ಮೇಲೆ ಕೂತಿದ್ದಾರೆ ಎಂಬ ಸಾಲು ಒಂದರಲ್ಲೂ ಇರಲಿಲ್ಲ. ನನ್ನ ತೊದಲು ನೋಡಿ ದುಃಖ ಎಂದುಕೊಂಡರು. ಯಾರೋ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ನೀರು ಕೊಟ್ಟು, "ಟೇಕ್ ಯುವರ್ ಟೈಮ್, ಆಂಟಿ" ಅಂದರು.

ಕನ್ನಡದಲ್ಲಾದರೂ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಮೂರನೇ ಮಹಡಿಯ ಅಜ್ಜಿ ಎದ್ದು ನಿಂತರು. ಲಖನೌ ಕಡೆಯವರು, ಯಾವ ಮೀಟಿಂಗಿನಲ್ಲೂ ಬಾಯಿ ಬಿಟ್ಟವರಲ್ಲ. ನನ್ನಷ್ಟೇ ಹರುಕು ಇಂಗ್ಲಿಷಿನಲ್ಲಿ ಹೇಳಿದರು: ಕಾಡಪ್ಪ ಪ್ರತಿದಿನ ಬೆಳಿಗ್ಗೆ ನನ್ನ ಪೂಜೆಗೆ ಒಂದು ದಾಸವಾಳ ತಂದು ಕೊಡುತ್ತಿದ್ದ. ಅವನ ಭಾಷೆ ನನಗೆ ಬಾರದು, ನನ್ನದು ಅವನಿಗೆ ಬಾರದು. ಈ ಕಟ್ಟಡದಲ್ಲಿ ದಿನಾ ನನ್ನ ಜೊತೆ ಮಾತಾಡುತ್ತಿದ್ದವನು ಅವನೊಬ್ಬನೇ.

ಅಜ್ಜಿ ಕೂತರು. ಐದನೇ ಮಹಡಿಯ ಹುಡುಗ ಎದ್ದ. ಹೆಂಡತಿಗೆ ಹೆರಿಗೆ ನೋವು ಬಂದಾಗ ಯಾವ ಕ್ಯಾಬೂ ಬರಲಿಲ್ಲವಂತೆ. ಕಾಡಪ್ಪ ಮೇನ್ ರೋಡಿಗೆ ಓಡಿ, ಆಟೊ ಮುಂದೆ ಅಡ್ಡ ನಿಂತು ಹಿಡಿದು ತಂದನಂತೆ. ಇನ್ನೊಬ್ಬಳು, ತನ್ನ ಮಗನಿಗೆ ಸೈಕಲ್ ಕಲಿಸಿದ್ದು ಅವನೇ ಅಂದಳು. ನಿಜ ಹೇಳುತ್ತೇನೆ, ಆಮೇಲೆ ನನಗೆ ನಿಲ್ಲಿಸುವ ಮನಸ್ಸೇ ಬರಲಿಲ್ಲ. ತಪ್ಪು ಎಂದು ಗೊತ್ತಿತ್ತು. ಆದರೂ ನೀರಿನ ಲೋಟ ಹಿಡಿದು, ತಲೆ ತಗ್ಗಿಸಿ, ಕಿವಿ ಅಗಲ ಮಾಡಿಕೊಂಡು ಕೂತೆ.

ಕೊನೆಗೆ ಉಮೇಶ್ ಮೈಕ್ ತೆಗೆದುಕೊಂಡರು. ಇಂಗ್ಲಿಷಿನಲ್ಲೇ ಶುರು ಮಾಡಿದರು. ಎರಡು ವಾಕ್ಯಕ್ಕೆ ಅದು ನಿಂತು ಕನ್ನಡ ಬಂತು. "ನಮ್ ತಂದೆಗೆ ಮರೆವಿನ ಕಾಯಿಲೆ. ಎರಡ್ ಸಲ ಕೆರೆ ಹತ್ರ ಹೋಗಿ ದಾರಿ ತಪ್ಪಿದ್ರು. ಎರಡ್ ಸಲಾನೂ ಕಾಡಪ್ಪ ಕೈ ಹಿಡ್ಕೊಂಡು ಕರ್ಕೊಂಡ್ ಬಂದ. ಯಾರಿಗೂ ಹೇಳ್ಲಿಲ್ಲ, ನನ್ ಮರ್ಯಾದೆ ಉಳಿಸ್ದ. ನಾನು ಅವನ್ನ..." ಕನ್ನಡಕ ತೆಗೆದರು. ನನಗೆ ನಾಲ್ಕು ತಿಂಗಳ ಸಿಟ್ಟೆಲ್ಲ ಒಂದೇ ಸಲ ಇಳಿದುಹೋಯಿತು. ಪಾಪ ಅನ್ನಿಸಿತು.

ಆಗ ಬಾಗಿಲು ತೆರೆಯಿತು. ಕಾಡಣ್ಣ ತಲೆ ಹಾಕಿದ.

"ಉಮೇಶ್ ಸಾರ್, ನಿಮ್ ಕಾರು ಸಂಪಿನ್ ಮೇಲ್ ನಿಲ್ಸಿದ್ದೀರಿ, ವಸಿ ತೆಗೀರಿ. ನೀರಿನ್ ಟ್ಯಾಂಕರ್ ಬಂದು ಅರ್ಧ ಗಂಟೆ ಆಯ್ತು. ಆ ಉಡುಗ್ರು ಅದ್ಯಾವ್ದೋ ಆ್ಯಪಲ್ಲಿ ಇಲ್ಲ ಅಂತ ಒಳೀಕೇ ಬಿಡ್ತಿಲ್ಲ."

ಅಜ್ಜಿ ಕಿಟಾರನೆ ಕಿರುಚಿದರು. ಉಮೇಶ್ ಕೈಯಿಂದ ಮೈಕ್ ಬಿದ್ದು ಕೀ ಎಂದು ಕೂಗಿತು. ಕಾಡಣ್ಣ ಗಾಬರಿಯಾಗಿ, ತನ್ನ ಹಿಂದೆ ಯಾರಾದರೂ ಬಂದರೇ ಎಂದು ತಿರುಗಿ ನೋಡಿದ. ಐದನೇ ಮಹಡಿಯ ಹುಡುಗ ಓಡಿಹೋಗಿ ಅವನನ್ನು ತಬ್ಬಿಕೊಂಡ. "ಏನ್ ಸಾರ್, ಏನಾಯ್ತು, ಕಾರು ತೆಗೀರಿ ಅಂದೆ ಅಷ್ಟೇಯ" ಎಂದು ಕಾಡಣ್ಣ ಕೊಸರಾಡುತ್ತಿದ್ದ.

ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು.

"ಯಾಕಮ್ಮಾ ಹಂಗಂದ್ರಿ?" ಉಮೇಶ್ ಕೇಳಿದರು.

"ಏನ್ ಮಾಡ್ಲಿ ಸಾರ್, ನಮ್ ಮೇಡಂ ಪಾಠದಲ್ಲಿ ಎಲ್ರೂ ಕೊನೇಲಿ ಸಾಯ್ತಾರೆ" ಅಂದೆ.

ಕನ್ನಡ ಬಲ್ಲವರು ಮೊದಲು ನಕ್ಕರು. ಉಳಿದವರು, ಏನಂತೆ ಏನಂತೆ ಎಂದು ಉಮೇಶ್ ಮುಖ ನೋಡಿದರು. ಉಮೇಶ್ ನನ್ನ ಆ ಒಂದು ಮಾತನ್ನು ಇಂಗ್ಲಿಷಿನಲ್ಲಿ ವಿವರಿಸಿ, ವಿವರಿಸಿ, ಎರಡು ನಿಮಿಷ ಹೇಳಿದರು. ಕ್ಲಬ್ ಹೌಸಿನ ತುಂಬ ಹೊಟ್ಟೆ ಹುಣ್ಣಾಗುವ ನಗು. ಅಜ್ಜಿ ಅಳುತ್ತಲೇ ನಗುತ್ತಿದ್ದರು. ಹತ್ತು ನಿಮಿಷದ ಕೆಳಗೆ ಯಾರಿಗಾಗಿ ಅತ್ತಿದ್ದರೋ ಅವನನ್ನು ಕೆಲಸದಿಂದ ತೆಗೆಯಲು ಕೈ ಎತ್ತಿ ಎಂದು ಕೇಳುವ ಧೈರ್ಯ ಯಾರಿಗೂ ಉಳಿದಿರಲಿಲ್ಲ. ಉಮೇಶ್ ಆ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಬೇಕಾದರೆ ಆ್ಯಪ್ ನೋಡಲು ಒಬ್ಬ ಹುಡುಗನನ್ನು ಇಡೋಣ, ಅವನು ಕಾಡಪ್ಪ ಹೇಳಿದಂತೆ ಕೇಳಬೇಕು ಎಂದು ತೀರ್ಮಾನವಾಯಿತು. ಆಮೇಲೆ ಹೋಗಿ ಕಾರು ತೆಗೆದರು.

ಮಧ್ಯಾಹ್ನ ಊಟ ಮಾಡಿ ಗೇಟಿಗೆ ಹೋದೆ. ಕಾಡಣ್ಣ ತನ್ನ ಸ್ಟೂಲಿನ ಮೇಲೆ ವಾಪಸು ಕೂತಿದ್ದ. ಮುಖದಲ್ಲಿ ಇನ್ನೂ ಗಲಿಬಿಲಿ.

"ಅದೇನ್ ಯೋಳಿದ್ರಿ ಅಮ್ಮಣ್ಣಿ ನನ್ ಬಗ್ಗೆ? ಓಗೋರು ಬರೋರೆಲ್ಲ ಕೈ ಕುಲುಕ್ತಾವ್ರೆ."

ಇಂಗ್ಲಿಷಿನಲ್ಲಿ ಹೇಳಿದ್ದನ್ನೆಲ್ಲ ಅವನಿಗೆ ಕನ್ನಡದಲ್ಲಿ ಹೇಳಿದೆ. ರಾ‌ಮ, ಲಕ್ಷ್ಮಣರ ಮಾತು ಬಂದಾಗ ನೆಲ ನೋಡಿದ. "ಕಾಡಣ್ಣ, ಜಮೀನು ಕೊಡೋವಾಗ ನಿನ್ನ ಒಂದ್ ಮಾತು ಕೇಳ್ಬೇಕಿತ್ತು ನಾವು. ಕೇಳ್ಲಿಲ್ಲ. ತಪ್ಪಾಯ್ತು" ಅಂದೆ. ಹನ್ನೆರಡು ವರ್ಷ ತಡವಾಗಿ ಹೇಳಿದೆ, ಆದರೂ ಹೇಳಿದೆ. ಅವನು ಬಿಡಿ ಬಿಡಿ ಎಂಬಂತೆ ಕೈ ಆಡಿಸಿದ.

ಕೊನೆಯಲ್ಲಿ ನಾನು ಅವನನ್ನು ಸಾಯಿಸಿದ್ದನ್ನೂ ಹೇಳಿದೆ. ಸಿಟ್ಟು ಮಾಡಿಕೊಳ್ಳುತ್ತಾನೇನೋ ಎಂದು ಭಯವಿತ್ತು. ಅವನು ಬೊಚ್ಚು ಬಾಯಿ ತೆರೆದು ನಕ್ಕ. ನಗು ನಿಂತ ಮೇಲೆ ಒಬ್ಬೊಬ್ಬರೂ ಏನಂದರು ಎಂದು ಕೇಳಿದ. ಹೇಳಿದೆ. ಅಜ್ಜಿಯ ದಾಸವಾಳ, ಆಟೊ, ಸೈಕಲ್ಲು, ಉಮೇಶರ ತಂದೆ. ಅವನು ಪ್ರತಿಯೊಂದಕ್ಕೂ "ಅಂಗಂದ್ರಾ? ಅಂಗಂದ್ರಾ?" ಅನ್ನುತ್ತಿದ್ದ.

ಅಷ್ಟರಲ್ಲಿ ಒಂದು ಕಾರು ಬಂತು, ಎದ್ದು ಗೇಟು ತೆಗೆದು, ಹಾಕಿ, ಬಂದು ಕೂತ.

"ನಮ್ಮಪ್ಪ ಸತ್ತಾಗ ಊರೆಲ್ಲ ಬಂದಿತ್ತು ಅಮ್ಮಣ್ಣಿ. ಅವ್ನಂಥೋರಿಲ್ಲ, ಇವ್ನಂಥೋರಿಲ್ಲ, ಏನೇನೋ ಯೋಳಿದ್ರು. ನಾನ್ ಪಕ್ದಾಗೆ ಕುಂತಿದ್ದೆ. ಇದ್ನೆಲ್ಲ ನಮ್ಮಪ್ಪ ಒಂದ್ ಮಾತಾದ್ರೂ ಕೇಳಿಸ್ಕಂಡಿದ್ರೆ ಅಂತ ಅಳು ಬಂದಿತ್ತು." ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡ. "ನಾನ್ ಕೇಳಿಸ್ಕಂಡ್ಬುಟ್ಟೆ."

ನನಗೆ ಕಣ್ಣು ತುಂಬಿ ಬಂತು. ಅಡಗಿಸಿಕೊಳ್ಳಲೂ ಹೋಗಲಿಲ್ಲ.

ಕಾಡಣ್ಣ ಸ್ಟೂಲನ್ನು ನನ್ನ ಕಡೆ ಸರಿಸಿ, ಅಜ್ಜಿಯ ಮಹಡಿಯತ್ತ ಒಮ್ಮೆ ಕತ್ತೆತ್ತಿ ನೋಡಿದ.

"ಆ ಊವಿನ್ ಅಜ್ಜಿ ಏನಂದ್ರು? ಇನ್ನೊಂದ್ ಸಲ ಯೋಳಿ."

ಮೊದಲಿನಿಂದ ಹೇಳಿದೆ.